ತಿದ್ದಿದ್ದು ಯಾವುದು ಅಂತ ಹೇಳಿ ಕಳಿಸಿ

ತಪ್ಪನ್ನು ತಿದ್ದುವುದು ಒಂದು ಕೆಲಸ. ಏನನ್ನು ತಿದ್ದಿದ್ದೇವೆ, ಯಾಕೆ ತಿದ್ದಿದ್ದೇವೆ ಎಂಬುದು ಪರಿಶೀಲಿಸುವವರ ಕಣ್ಣಿಗೆ ತಟ್ಟನೆ ಬೀಳುವ ಹಾಗೆ ಮಾಡುವುದು ಇನ್ನೊಂದು ಕೆಲಸ. ಮೊದಲನೆಯದನ್ನು ನಾವು ಒಂದನೇ ಕ್ಲಾಸಿನಿಂದಲೇ ಕಲಿಸುತ್ತೇವೆ. ಎರಡನೆಯದನ್ನು ಕಲಿಸುವುದೇ ಇಲ್ಲ. ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವವರು ಇದನ್ನೊಂದು ಶಿಸ್ತಾಗಿ ಬೆಳೆಸಿಕೊಂಡಿದ್ದಾರೆ. ಆ ಶಿಸ್ತು ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೂ ನಮಗೂ ಬೇಕು ಎಂದು ಹೇಳಲು ಇದನ್ನು ಬರೆಯುತ್ತಿದ್ದೇನೆ.

ಪೆರ್ಲದ ಮಾಷ್ಟ್ರಿಗೆ ಕೋಡಿನ ಉಸಾಬರಿ ಯಾಕೆ ಅನ್ನಬೇಡಿ! ಕೇರಳದ ಶಾಲೆಗಳಲ್ಲಿ ‘ಐಟಿ ಅಟ್ ಸ್ಕೂಲ್’ ಯೋಜನೆ 2001ರಲ್ಲಿ ಶುರುವಾಯಿತು. 2017ರಲ್ಲಿ ಅದೇ ‘ಕೈಟ್’ ಆಯಿತು. ನಮ್ಮ ಶಾಲೆಗಳ ಕಂಪ್ಯೂಟರುಗಳಲ್ಲಿ ಓಡುವುದು ಗ್ನೂ/ಲಿನಕ್ಸ್. ಅಂದರೆ ಯಾರು ಬೇಕಾದರೂ ಒಳಗೆ ಇಣುಕಿ ನೋಡಬಹುದಾದ, ತಿದ್ದಬಹುದಾದ ಸ್ವತಂತ್ರ ತಂತ್ರಾಂಶ. ಲಿಬ್ರೆಆಫೀಸ್, ಜಿಂಪ್, ಇಂಕ್‌ಸ್ಕೇಪ್ ಎಲ್ಲ ನಮ್ಮ ಹೈಸ್ಕೂಲು ಮಕ್ಕಳಿಗೆ ಗೊತ್ತಿರುವ ಹೆಸರುಗಳು. ಐಸಿಟಿ ಪಾಠದಲ್ಲಿ ಪೈಥಾನ್ ಇದೆ. 2018ರಿಂದ ಲಿಟಲ್ ಕೈಟ್ಸ್ ಘಟಕಗಳೂ ಇವೆ. ಹೀಗಿರುವಾಗ ಮೆನುವಿನಲ್ಲಿ ಒಂದು ಕನ್ನಡ ಪದ ತಪ್ಪಾಗಿ ಕಂಡರೆ ನಮ್ಮ ಮಕ್ಕಳು ನಕ್ಕು ಸುಮ್ಮನಾಗಬೇಕಿಲ್ಲ. ತಾವೇ ತಿದ್ದಿ ಕಳಿಸಬಹುದು. ಹಾಗೆ ಕಳಿಸುವುದಕ್ಕೇ ‘ಪ್ಯಾಚ್’ ಅನ್ನುತ್ತಾರೆ.

ಪ್ಯಾಚ್ ಅಂದರೆ ನಮ್ಮ ಭಾಷೆಯಲ್ಲಿ ತೇಪೆ. ಅಂಗಿ ಹರಿದರೆ ಇಡೀ ಅಂಗಿಯನ್ನು ಹೊಸದಾಗಿ ಹೊಲಿಯುವುದಿಲ್ಲ ತಾನೇ? ಎಲ್ಲಿ ಹರಿದಿದೆಯೋ ಅಲ್ಲಿಗಷ್ಟೇ ಒಂದು ತುಂಡು ಬಟ್ಟೆ. ಕೋಡಿನಲ್ಲೂ ಅಷ್ಟೇ. 1970ರ ದಶಕದ ಮೊದಲ ಭಾಗದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ ಡಗ್ಲಸ್ ಮೆಕಿಲ್ರಾಯ್ ‘ಡಿಫ್’ ಎಂಬ ಪ್ರೋಗ್ರಾಂ ಬರೆದರು. ಎರಡು ಕಡತಗಳನ್ನು ಹೋಲಿಸಿ, ವ್ಯತ್ಯಾಸವಿರುವ ಸಾಲುಗಳನ್ನು ಮಾತ್ರ ತೋರಿಸುವುದು ಅದರ ಕೆಲಸ. ಈಗ ನಾವು ನೋಡುವ ರೂಪದಲ್ಲಿ ತೆಗೆದ ಸಾಲಿಗೆ ಮೈನಸ್ ಗುರುತು, ಸೇರಿಸಿದ ಸಾಲಿಗೆ ಪ್ಲಸ್ ಗುರುತು ಇರುತ್ತದೆ. ಆ ವ್ಯತ್ಯಾಸವನ್ನು ಓದಿ ಹಳೆಯ ಕಡತಕ್ಕೆ ತಾನಾಗಿ ತೇಪೆ ಹಾಕುವ ‘ಪ್ಯಾಚ್’ ಪ್ರೋಗ್ರಾಂ ಬರೆದವರು ಲ್ಯಾರಿ ವಾಲ್, 1985ರಲ್ಲಿ. ಇದೇ ಲ್ಯಾರಿ ವಾಲ್ 1987ರಲ್ಲಿ ‘ಪರ್ಲ್’ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನೂ ಕೊಟ್ಟರು. ನಮ್ಮ ಪೆರ್ಲಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ, ಹೆಸರು ಕೇಳಿ ಖುಷಿಪಡಬಹುದು ಅಷ್ಟೆ! 2005ರ ಏಪ್ರಿಲಿನಲ್ಲಿ ಲಿನಸ್ ಟೊರ್ವಾಲ್ಡ್ಸ್ ‘ಗಿಟ್’ ಶುರುಮಾಡಿದ ಮೇಲೆ ಈ ತೇಪೆಗಳ ಲೆಕ್ಕ ಇಡುವುದು ಇನ್ನೂ ಸುಲಭವಾಯಿತು.

ಕಂಪ್ಯೂಟರ್ ಗೊತ್ತಿಲ್ಲದವರಿಗೆ ಇನ್ನೊಂದು ಉದಾಹರಣೆ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಅದಕ್ಕಾಗಿ ಸಂಸತ್ತು ಇಡೀ ಸಂವಿಧಾನವನ್ನು ಮತ್ತೆ ಬರೆದು ಸದಸ್ಯರ ಕೈಗೆ ಕೊಡಲಿಲ್ಲ. ಹೆಸರು ಬದಲಾವಣೆಗೆಂದೇ ಒಂದು ಚಿಕ್ಕ ಕಾಯಿದೆ ಬಂತು. ಸಂವಿಧಾನದಲ್ಲಿ ಎಲ್ಲೆಲ್ಲಿ ಹಳೆಯ ಹೆಸರಿದೆಯೋ ಅಲ್ಲಿ ಹೊಸ ಹೆಸರು ಇಡಬೇಕು ಎಂದು ಅದು ಜಾಗ ಗುರುತಿಸಿ ಹೇಳಿತು. ಓದಿದವರಿಗೆ ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ ಎಂಬ ಬಗ್ಗೆ ಸಂಶಯವೇ ಇಲ್ಲ. ಇದು ಒಳ್ಳೆಯ ಪ್ಯಾಚಿನ ಲಕ್ಷಣ.

ಇಷ್ಟರವರೆಗೆ ಎಲ್ಲ ಸರಿ. ತೊಂದರೆ ಶುರುವಾಗುವುದು ಎರಡನೇ ಸಲ.

ಮೊದಲ ಸಲ ಕಳಿಸಿದ ಪ್ಯಾಚನ್ನು ಯಾರೋ ಒಬ್ಬರು ಕೂತು ಓದುತ್ತಾರೆ. ‘ಇಲ್ಲಿ ಈ ಪದ ಸರಿಯಿಲ್ಲ, ಅಲ್ಲಿ ಬಹುವಚನ ಬೇಕು, ಈ ಸಾಲು ಯಾಕೆ ಬದಲಾಯಿಸಿದಿರಿ?’ ಎಂದು ಐದಾರು ಮಾತು ಬರೆಯುತ್ತಾರೆ. ಕಳಿಸಿದವರು ತಿದ್ದಿ ಎರಡನೇ ಆವೃತ್ತಿ ಕಳಿಸುತ್ತಾರೆ. ಈಗ ಪರಿಶೀಲಿಸುವವರ ಮುಂದೆ ಏನಿದೆ? ಮತ್ತೆ ಒಂದು ಪೂರ್ಣ ಪ್ಯಾಚ್. ಮೂಲಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಅದು ತೋರಿಸುತ್ತದೆ. ಆದರೆ ಅವರಿಗೆ ಬೇಕಾದದ್ದು ಬೇರೆ. ‘ಹೋದ ವಾರ ನಾನು ಓದಿದ್ದಕ್ಕೂ ಈಗ ಬಂದದ್ದಕ್ಕೂ ಏನು ವ್ಯತ್ಯಾಸ? ನನ್ನ ಐದು ಮಾತಿಗೆ ಏನಾಯಿತು?’ ಈ ಪ್ರಶ್ನೆಗೆ ಎರಡನೇ ಪ್ಯಾಚಿನಲ್ಲಿ ಉತ್ತರವೇ ಇರುವುದಿಲ್ಲ.

ಟೀಚರುಗಳಿಗೆ ಇದು ಬೇಗ ಅರ್ಥವಾಗುತ್ತದೆ. ಪ್ರಬಂಧ ಬರೆದ ಹುಡುಗನಿಗೆ ಕೆಂಪು ಶಾಯಿಯಲ್ಲಿ ಆರು ಗುರುತು ಹಾಕಿ ಕೊಡುತ್ತೀರಿ. ಅವನು ಮರುದಿನ ಇಡೀ ಪ್ರಬಂಧವನ್ನು ಹೊಸ ಹಾಳೆಯಲ್ಲಿ ಚೆಂದಕ್ಕೆ ಬರೆದು ತರುತ್ತಾನೆ. ಕೆಂಪು ಗುರುತಿನ ಹಾಳೆ ಮನೆಯಲ್ಲೇ ಇದೆ! ಆರೂ ತಿದ್ದಿದ್ದಾನೋ, ನಾಲ್ಕೇ ತಿದ್ದಿದ್ದಾನೋ, ಹೊಸದಾಗಿ ಎರಡು ತಪ್ಪು ಸೇರಿಸಿದ್ದಾನೋ, ಮೊದಲಿನಿಂದ ಕೊನೆಯವರೆಗೆ ಮತ್ತೆ ಓದದೆ ಗೊತ್ತಾಗುವುದಿಲ್ಲ. ಇಂಥ ಮೂವತ್ತೈದು ಹಾಳೆ ಮೇಜಿನ ಮೇಲೆ ಇದ್ದಾಗ ನಾವು ಏನು ಮಾಡುತ್ತೇವೆ ಅನ್ನುವುದು ನಮಗೇ ಗೊತ್ತು. ಮೇಲಿಂದ ಮೇಲೆ ನೋಡಿ ‘ಸರಿ’ ಹಾಕುತ್ತೇವೆ, ಇಲ್ಲವೇ ನಾಳೆ ನೋಡೋಣ ಎಂದು ಕಟ್ಟಿನ ಕೆಳಗೆ ಸೇರಿಸುತ್ತೇವೆ.

ಪ್ಯಾಚ್ ನೋಡುವವರೂ ಮನುಷ್ಯರೇ. ಅವರೂ ಇದನ್ನೇ ಮಾಡುತ್ತಾರೆ. ಮೇಲಿಂದ ಮೇಲೆ ನೋಡಿ ಒಪ್ಪಿದರೆ ತಪ್ಪು ಒಳಗೆ ಹೋಗುತ್ತದೆ. ನಾಳೆಗೆ ಇಟ್ಟರೆ ಒಳ್ಳೆಯ ತಿದ್ದುಪಡಿಯೂ ಹೊರಗೇ ಉಳಿಯುತ್ತದೆ.

ಇದರಲ್ಲಿ ಕನ್ನಡಕ್ಕೆ ಆಗುವ ನಷ್ಟ ದೊಡ್ಡದು. ಇಂಗ್ಲಿಷಿನಲ್ಲಿ ಒಬ್ಬರು ಬೇಸತ್ತು ಬಿಟ್ಟರೆ ಇನ್ನೊಬ್ಬರು ಬರುತ್ತಾರೆ. ಕನ್ನಡದ ಅನುವಾದಗಳನ್ನು ಕೂತು ಪರಿಶೀಲಿಸುವವರು ಬೆರಳೆಣಿಕೆಯ ಜನ, ಅವರಲ್ಲಿ ಹೆಚ್ಚಿನವರು ತಮ್ಮ ಹೊಟ್ಟೆಪಾಡಿನ ಕೆಲಸ ಮುಗಿಸಿ ಉಳಿದ ಹೊತ್ತಿನಲ್ಲಿ ಸಂಬಳವಿಲ್ಲದೆ ಮಾಡುವವರು. ನಮ್ಮ ನೆರೆಯ ಮಲಯಾಳಕ್ಕೆ ‘ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್’ ಎಂಬ ಸಂಘಟಿತ ಬಳಗ 2002ರಿಂದ ಇದೆ. ಲಿಟಲ್ ಕೈಟ್ಸ್ ತರಬೇತಿಯಲ್ಲೂ ಮಲಯಾಳಂ ಕಂಪ್ಯೂಟಿಂಗಿಗೆ ಜಾಗವಿದೆ. ಅದನ್ನು ನೋಡಿ ಹೊಟ್ಟೆಕಿಚ್ಚು ಪಡುವುದು ಬೇಡ, ಕಲಿಯೋಣ. ನಮ್ಮಲ್ಲಿ ಜನ ಕಡಿಮೆ ಎಂದಾದರೆ ಇರುವ ಜನರ ಒಂದೊಂದು ಗಂಟೆಯೂ ನಮಗೆ ದುಬಾರಿ. ಆ ಗಂಟೆಯನ್ನು ‘ಇವನು ಎಲ್ಲಿ ತಿದ್ದಿದ್ದಾನೆ?’ ಎಂದು ಹುಡುಕುವುದರಲ್ಲಿ ಕಳೆಯುವಂತೆ ಮಾಡಬಾರದು.

ಹಾಗಾದರೆ ಏನು ಮಾಡಬೇಕು? ಲಿನಕ್ಸ್ ಕರ್ನೆಲ್ಲಿಗೆ ಪ್ಯಾಚ್ ಕಳಿಸುವವರಿಗೆಂದೇ ಬರೆದಿಟ್ಟ ನಿಯಮಗಳಿವೆ. ಅವುಗಳಲ್ಲಿ ನಮಗೆ ಬೇಕಾದದ್ದನ್ನು ಶಾಲೆಯ ಮಾತಿನಲ್ಲಿ ಹೇಳುತ್ತೇನೆ.

ಮೊದಲನೆಯದು: ಒಂದು ಪ್ಯಾಚಿಗೆ ಒಂದೇ ವಿಷಯ. ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಒಬ್ಬ ಹುಡುಗಿ ಯಾವುದೋ ತಂತ್ರಾಂಶದ ಕನ್ನಡ ಮೆನುವನ್ನು ತಿದ್ದುತ್ತಾಳೆ. ಕಾಗುಣಿತದ ತಪ್ಪು ಸರಿಮಾಡುತ್ತಾಳೆ. ಕೆಲವು ಕಡೆ ‘ಫೈಲ್’, ಕೆಲವು ಕಡೆ ‘ಕಡತ’ ಎಂದಿರುವುದನ್ನು ಎಲ್ಲ ಕಡೆ ‘ಕಡತ’ ಮಾಡುತ್ತಾಳೆ. ‘ತೆರೆ’, ‘ಉಳಿಸು’, ‘ಮುಚ್ಚು’ ಎಂಬಲ್ಲಿ ಮರ್ಯಾದೆ ಸಾಲದು ಎಂದು ‘ತೆರೆಯಿರಿ’, ‘ಉಳಿಸಿ’, ‘ಮುಚ್ಚಿ’ ಮಾಡುತ್ತಾಳೆ. ಮೂರೂ ಒಳ್ಳೆಯ ಉದ್ದೇಶದ್ದೇ. ಆದರೆ ಕಾಗುಣಿತದ ಬಗ್ಗೆ ಯಾರದೂ ತಕರಾರು ಇರುವುದಿಲ್ಲ. ‘ಕಡತ’ದ ಬಗ್ಗೆ ಸ್ವಲ್ಪ ಚರ್ಚೆ ಆಗಬಹುದು. ‘ತೆರೆ’ ಬೇಕೋ ‘ತೆರೆಯಿರಿ’ ಬೇಕೋ ಎಂಬುದು ಕನ್ನಡಿಗರು ಬೇಗ ಬಗೆಹರಿಸುವ ಜಗಳವಲ್ಲ! ಮೂರನ್ನೂ ಒಂದೇ ಪ್ಯಾಚಿನಲ್ಲಿ ತುರುಕಿದರೆ ಮೂರನೆಯದರ ಜಗಳಕ್ಕೆ ಮೊದಲನೆಯದೂ ಕಾಯಬೇಕು. ಮೂರು ಪ್ಯಾಚಾಗಿ ಕಳಿಸಿದರೆ ಕಾಗುಣಿತ ಇವತ್ತೇ ಒಳಗೆ ಹೋಗುತ್ತದೆ. ಎರಡನೇ ಆವೃತ್ತಿ ಬಂದಾಗಲೂ ಯಾವುದನ್ನು ಓದಬೇಕು, ಯಾವುದನ್ನು ಬಿಡಬಹುದು ಎಂದು ಪರಿಶೀಲಕರಿಗೆ ಗೊತ್ತಿರುತ್ತದೆ.

ಎರಡನೆಯದು: ಆವೃತ್ತಿಯ ಸಂಖ್ಯೆ ಮತ್ತು ಬದಲಾವಣೆಯ ಪಟ್ಟಿ. ತಲೆಬರಹದಲ್ಲಿ ‘ಎರಡನೇ ಆವೃತ್ತಿ’ ಎಂದಿರಲಿ. ಜೊತೆಗೆ ಒಂದು ಚಿಕ್ಕ ಟಿಪ್ಪಣಿ ಇರಲಿ. ನಮ್ಮ ಹುಡುಗಿಯ ಟಿಪ್ಪಣಿ ಹೀಗಿರಬಹುದು:

ಮೊದಲ ಆವೃತ್ತಿಯಿಂದ ಆದ ಬದಲಾವಣೆ:
1ನೇ ಪ್ಯಾಚ್ (ಕಾಗುಣಿತ): ಬದಲಾವಣೆ ಇಲ್ಲ.
2ನೇ ಪ್ಯಾಚ್ (ಕಡತ): ಬಹುವಚನ ಬೇಕಾದ 2 ಕಡೆ ‘ಕಡತಗಳು’ ಎಂದು ಮಾಡಿದ್ದೇನೆ. ‘ಫೋಲ್ಡರ್’ ಪದಕ್ಕೆ ಬದಲಾಗಿ ‘ಕಡತಕೋಶ’ ಎಂಬ ಸಲಹೆಯನ್ನು ತೆಗೆದುಕೊಂಡಿಲ್ಲ. ಉಳಿದ ಮೆನುಗಳಲ್ಲಿ ‘ಫೋಲ್ಡರ್’ ಎಂದೇ ಇರುವುದರಿಂದ ಒಂದೇ ಕಡೆ ಬದಲಿಸಿದರೆ ಗೊಂದಲ ಆದೀತು.
3ನೇ ಪ್ಯಾಚ್ (ತೆರೆಯಿರಿ): ಈ ಕಂತಿನಿಂದ ಕೈಬಿಟ್ಟಿದ್ದೇನೆ. ಚರ್ಚೆ ಮುಗಿದ ಮೇಲೆ ಬೇರೆಯಾಗಿ ಕಳಿಸುತ್ತೇನೆ.

ಇಷ್ಟೇ. ಬರೆಯಲು ಐದು ನಿಮಿಷ. ಆದರೆ ಪರಿಶೀಲಕರಿಗೆ ಈಗ ನೋಡಬೇಕಾದದ್ದು ಎರಡು ಜಾಗ ಮಾತ್ರ!

ಇಲ್ಲೊಂದು ಸೂಕ್ಷ್ಮವಿದೆ. ಈ ಟಿಪ್ಪಣಿಯನ್ನು ಎಲ್ಲಿ ಬರೆಯಬೇಕು? ಪ್ಯಾಚಿನ ಜೊತೆ ಶಾಶ್ವತವಾಗಿ ಉಳಿಯುವ ವಿವರಣೆಯೊಂದು ಇರುತ್ತದೆ. ಅದರಲ್ಲಿ ಬರೆಯಬೇಕಾದದ್ದು ‘ಈ ಬದಲಾವಣೆ ಯಾಕೆ ಬೇಕಾಯಿತು’ ಎಂಬುದು. ‘ಮೊದಲ ಸಲ ಹೀಗೆ ಕಳಿಸಿದ್ದೆ, ಅವರು ಹೀಗೆ ಹೇಳಿದರು, ಆಮೇಲೆ ಹೀಗೆ ಮಾಡಿದೆ’ ಎಂಬ ಕಥೆ ಹತ್ತು ವರ್ಷ ಬಿಟ್ಟು ಓದುವವರಿಗೆ ಬೇಡ. ಅದಕ್ಕೇ ಕರ್ನೆಲ್ಲಿನವರು ಒಂದು ಉಪಾಯ ಮಾಡಿದ್ದಾರೆ. ವಿವರಣೆ ಮುಗಿದ ಮೇಲೆ ಮೂರು ಅಡ್ಡಗೆರೆಗಳ ಒಂದು ಸಾಲು. ಅದರ ಕೆಳಗೆ ಆವೃತ್ತಿಗಳ ಟಿಪ್ಪಣಿ. ಪ್ಯಾಚ್ ಒಳಗೆ ಹೋಗುವಾಗ ಗೆರೆಯ ಕೆಳಗಿನದ್ದು ತಾನಾಗಿ ಬಿದ್ದುಹೋಗುತ್ತದೆ. ಓದುವವರಿಗೆ ಈಗ ಬೇಕಾದದ್ದು ಈಗ, ಮುಂದೆ ಬೇಕಾದದ್ದು ಮುಂದಕ್ಕೆ!

ಮೂರನೆಯದು: ಪ್ರತಿ ಮಾತಿಗೂ ಉತ್ತರ. ಒಪ್ಪಿದ ಸಲಹೆಗೆ ‘ಮಾಡಿದ್ದೇನೆ’, ಒಪ್ಪದ ಸಲಹೆಗೆ ‘ಮಾಡಿಲ್ಲ, ಕಾರಣ ಇದು’. ನಮ್ಮ ಮಕ್ಕಳಿಗೆ ಕಷ್ಟವಾಗುವುದು ಎರಡನೆಯದು. ದೊಡ್ಡವರು ಹೇಳಿದ್ದನ್ನು ಒಪ್ಪದಿದ್ದರೆ ಸುಮ್ಮನಿರುವುದು ಮರ್ಯಾದೆ ಎಂದು ನಾವು ಕಲಿಸಿದ್ದೇವೆ. ಇಲ್ಲಿ ಸುಮ್ಮನಿರುವುದೇ ಅಮರ್ಯಾದೆ. ಯಾಕೆಂದರೆ ಮರೆತದ್ದೋ, ಕಾಣದ್ದೋ, ಬೇಡವೆಂದು ಬಿಟ್ಟದ್ದೋ ಎಂದು ಹೇಳಿದವರಿಗೆ ತಿಳಿಯುವುದಿಲ್ಲ. ಕಾರಣ ಕೊಟ್ಟು ವಿನಯದಿಂದ ‘ಇಲ್ಲ’ ಎನ್ನುವುದನ್ನು ಮಕ್ಕಳು ಕಲಿಯಲು ಇದಕ್ಕಿಂತ ಒಳ್ಳೆಯ ಅಭ್ಯಾಸ ಬೇರೆ ಸಿಗಲಾರದು.

ನಾಲ್ಕನೆಯದು: ಮಾತಿನ ಜೊತೆ ಪುರಾವೆ. ‘ಬಹುವಚನ ಸರಿಮಾಡಿದೆ’ ಎಂದು ನಾನು ಹೇಳಬಹುದು, ಆದರೆ ನನಗೇ ಗೊತ್ತಿಲ್ಲದೆ ಇನ್ನೊಂದು ಸಾಲೂ ಬದಲಾಗಿರಬಹುದಲ್ಲ? ಅದಕ್ಕೆ ಗಿಟ್‌ನಲ್ಲಿ ‘ರೇಂಜ್-ಡಿಫ್’ ಎಂಬ ಆಜ್ಞೆ ಇದೆ. 2018ರಲ್ಲಿ ಬಂದ ಗಿಟ್ 2.19 ಆವೃತ್ತಿಯಿಂದ ಇದು ಸಿಗುತ್ತದೆ. ಮೊದಲ ಕಂತಿನ ಪ್ಯಾಚುಗಳನ್ನೂ ಎರಡನೇ ಕಂತಿನ ಪ್ಯಾಚುಗಳನ್ನೂ ಜೋಡಿ ಜೋಡಿಯಾಗಿ ಹೋಲಿಸಿ, ಯಾವುದು ಹಾಗೇ ಇದೆ, ಯಾವುದು ಬದಲಾಗಿದೆ, ಯಾವುದು ಬಿಟ್ಟುಹೋಗಿದೆ ಎಂದು ತೋರಿಸುತ್ತದೆ. ವ್ಯತ್ಯಾಸಗಳ ನಡುವಿನ ವ್ಯತ್ಯಾಸ ಅನ್ನಿ. ನೋಡಲು ಮೊದಮೊದಲು ತಲೆತಿರುಗುತ್ತದೆ, ಪ್ಲಸ್ ಮೈನಸ್ ಎರಡೆರಡು ಸಾಲು ಇರುತ್ತವೆ. ಆದರೆ ನಾಲ್ಕು ಸಲ ನೋಡಿದರೆ ಅಭ್ಯಾಸವಾಗುತ್ತದೆ. ನಮ್ಮ ಟಿಪ್ಪಣಿ ಉದ್ದೇಶವನ್ನು ಹೇಳುತ್ತದೆ, ರೇಂಜ್-ಡಿಫ್ ನಡೆದದ್ದನ್ನು ಹೇಳುತ್ತದೆ. ಎರಡೂ ತಾಳೆಯಾದರೆ ಪರಿಶೀಲಕರಿಗೆ ನೆಮ್ಮದಿ.

ಐದನೆಯದು: ಅವಸರ ಬೇಡ. ಬೆಳಿಗ್ಗೆ ಒಬ್ಬರು ಒಂದು ಮಾತು ಹೇಳಿದರು ಎಂದು ಮಧ್ಯಾಹ್ನ ಎರಡನೇ ಆವೃತ್ತಿ, ಸಂಜೆ ಇನ್ನೊಬ್ಬರು ಹೇಳಿದರು ಎಂದು ಮೂರನೇ ಆವೃತ್ತಿ ಕಳಿಸಿದರೆ ಓದುವವರು ಯಾವುದನ್ನು ಓದಬೇಕು? ಉತ್ತರ ಬರದಿದ್ದರೆ ಮತ್ತೆ ಕಳಿಸುವ ಮೊದಲು ಕಡಿಮೆಯೆಂದರೆ ಒಂದು ವಾರ ಕಾಯಿರಿ ಎಂದು ಕರ್ನೆಲ್ ನಿಯಮ ಹೇಳುತ್ತದೆ. ಹಾಗೆಯೇ, ಮೊದಲ ಆವೃತ್ತಿಗೆ ‘ಪರಿಶೀಲಿಸಿದ್ದೇನೆ’ ಎಂದು ಒಬ್ಬರು ಹೆಸರು ಕೊಟ್ಟಿದ್ದರೆ ಎರಡನೆಯದರಲ್ಲೂ ಆ ಹೆಸರು ಇರಲಿ. ಆದರೆ ಪ್ಯಾಚ್ ತುಂಬಾ ಬದಲಾಗಿದ್ದರೆ ಅವರ ಹೆಸರನ್ನು ತೆಗೆಯಬೇಕು, ತೆಗೆದಿದ್ದೇನೆ ಎಂದು ಹೇಳಲೂ ಬೇಕು. ಅವರು ಓದದೇ ಇರುವುದಕ್ಕೆ ಅವರ ಸಹಿ ಉಳಿಸಿಕೊಳ್ಳುವುದು ನ್ಯಾಯವಲ್ಲ.

ಇವೆಲ್ಲ ಎಲ್ಲ ಭಾಷೆಯವರಿಗೂ ಅನ್ವಯ. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೂ ಕೆಲವು ಗುಂಡಿಗಳಿವೆ. ಅವನ್ನು ಹೇಳದಿದ್ದರೆ ಈ ಬರಹ ಪೂರ್ತಿಯಾಗದು.

‘ಕೊ’ ಎಂಬ ಅಕ್ಷರ ನೋಡಿ. ಯುನಿಕೋಡಿನಲ್ಲಿ ಇದರ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಇಡಬಹುದು. ಎಕಾರದ ಚಿಹ್ನೆ ಮತ್ತು ಊಕಾರದ ಚಿಹ್ನೆ ಎಂದು ಎರಡು ಸಂಕೇತವಾಗಿಯೂ ಇಡಬಹುದು. ಎರಡೂ ಸಮಾನ ಎಂದು ಯುನಿಕೋಡ್ ಹೇಳುತ್ತದೆ, ಪರದೆಯ ಮೇಲೂ ಒಂದೇ ಥರ ಕಾಣುತ್ತದೆ. ಆದರೆ ಡಿಫ್ ನೋಡುವುದು ಸಂಕೇತಗಳನ್ನು, ಅಕ್ಷರದ ಚೆಂದವನ್ನಲ್ಲ. ಬೇರೆ ಬೇರೆ ಸಾಧನದಲ್ಲಿ ಟೈಪ್ ಮಾಡಿದ ಕಡತಗಳನ್ನು ಹೋಲಿಸಿದರೆ, ಕಣ್ಣಿಗೆ ಒಂದೇ ಆಗಿ ಕಾಣುವ ಸಾಲುಗಳೂ ಬದಲಾಗಿವೆ ಎಂದು ಅದು ಹೇಳಬಹುದು. ಪರಿಶೀಲಕರು ಪ್ಲಸ್ ಸಾಲು ಮೈನಸ್ ಸಾಲು ಎರಡನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದರೂ ವ್ಯತ್ಯಾಸ ಕಾಣುವುದಿಲ್ಲ!

ಇನ್ನೊಂದು ಅದೃಶ್ಯ ಅಕ್ಷರ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ‘ವೇ’ ಒತ್ತಕ್ಷರವಾಗಿ ಕೆಳಗೆ ಹೋಗದಂತೆ ತಡೆಯಲು ನಡುವೆ ಒಂದು ಕಾಣದ ಅಕ್ಷರ ಹಾಕುತ್ತೇವೆ. ‘ಜೀರೋ ವಿಡ್ತ್ ನಾನ್ ಜಾಯ್ನರ್’ ಎಂದು ಅದರ ಹೆಸರು. ನಡುವೆ ಅದು ಬೇಕು. ಆದರೆ ಪದದ ಕೊನೆಯಲ್ಲೂ ಅದು ಉಳಿದುಬಿಟ್ಟರೆ ಏನೂ ಕಾಣುವುದಿಲ್ಲ, ಡಿಫ್ ಮಾತ್ರ ಬೇರೆ ಎನ್ನುತ್ತದೆ. ಇಂಥದ್ದನ್ನು ಸ್ವಚ್ಛ ಮಾಡಬೇಕೆಂದಿದ್ದರೆ ಅದನ್ನೇ ಒಂದು ಬೇರೆ ಪ್ಯಾಚ್ ಮಾಡಿ, ‘ಕಣ್ಣಿಗೆ ವ್ಯತ್ಯಾಸ ಕಾಣದು, ಸಂಕೇತ ಮಾತ್ರ ಬದಲಾಗಿದೆ’ ಎಂದು ಬರೆದು ಕಳಿಸಿ. ಪದಗಳ ತಿದ್ದುಪಡಿಯೊಂದಿಗೆ ಬೆರೆಸಬೇಡಿ.

ಅನುವಾದದ ಕಡತಗಳಲ್ಲಿ ಮತ್ತೊಂದು ತಂಟೆ. ಪ್ರತಿ ವಾಕ್ಯದ ಮೇಲೆ ಅದು ಮೂಲ ಪ್ರೋಗ್ರಾಮಿನ ಎಷ್ಟನೇ ಸಾಲಿನಿಂದ ಬಂತು ಎಂಬ ಸಂಖ್ಯೆ ಇರುತ್ತದೆ. ಮೂಲ ಬದಲಾದಾಗ ಈ ಸಂಖ್ಯೆಗಳೂ ಬದಲಾಗುತ್ತವೆ. ಕೆಲವು ಸಾಧನಗಳು ಉದ್ದ ಸಾಲುಗಳನ್ನು ತಮಗೆ ಬೇಕಾದಲ್ಲಿ ತುಂಡರಿಸುತ್ತವೆ. ಹತ್ತು ಪದ ತಿದ್ದಿದರೂ ಸಾವಿರ ಸಾಲು ಬದಲಾದಂತೆ ಕಾಣುತ್ತದೆ. ಅದಕ್ಕೆ ಮೊದಲು ಕಡತವನ್ನು ಮೂಲಕ್ಕೆ ಸರಿಯಾಗಿ ನವೀಕರಿಸಿ ಅದನ್ನೊಂದು ಕಮಿಟ್ ಮಾಡಿ. ಆಮೇಲೆ ಪದಗಳನ್ನು ತಿದ್ದಿ ಇನ್ನೊಂದು ಕಮಿಟ್ ಮಾಡಿ. ಪೈಥಾನಿನಲ್ಲೂ ಇದೇ ತರ್ಕ. ಹತ್ತು ಸಾಲನ್ನು ಒಂದು ‘ಇಫ್’ ಒಳಗೆ ಸರಿಸಿದರೆ ಹತ್ತೂ ಸಾಲು ಬದಲಾದಂತೆ ಕಾಣುತ್ತದೆ. ‘ಒಳಸರಿಸಿದ್ದು ಮಾತ್ರ, ಬೇರೇನೂ ಬದಲಿಲ್ಲ’ ಎಂದು ಹೇಳಿದರೆ ಖಾಲಿ ಜಾಗವನ್ನು ಲೆಕ್ಕಿಸದೆ ಡಿಫ್ ತೋರಿಸು ಎಂದು ಗಿಟ್‌ಗೆ ಹೇಳಿ ಅವರು ನೋಡಿಕೊಳ್ಳುತ್ತಾರೆ. ಪೈಥಾನಿನಲ್ಲಿ ಖಾಲಿ ಜಾಗಕ್ಕೂ ಅರ್ಥವಿರುವುದರಿಂದ ಅದನ್ನೂ ಒಮ್ಮೆ ನೋಡುತ್ತಾರೆ.

ಕಡತಕ್ಕೆ ಕನ್ನಡದಲ್ಲಿ ಹೆಸರಿಟ್ಟರೆ ಗಿಟ್ ಅದನ್ನು ಸಂಖ್ಯೆಗಳ ಸರಮಾಲೆಯಾಗಿ ತೋರಿಸುವುದುಂಟು. ಹೆದರಬೇಡಿ. ‘ಕೋಟ್‌ಪಾತ್’ ಎಂಬ ಸೆಟ್ಟಿಂಗನ್ನು ಆಫ್ ಮಾಡಿದರೆ ಕನ್ನಡದಲ್ಲೇ ಕಾಣುತ್ತದೆ. ಇನ್ನು ಹಳೆಯ ನುಡಿ ಫಾಂಟಿನಲ್ಲಿ ಯುನಿಕೋಡ್ ಅಲ್ಲದ ರೂಪದಲ್ಲಿ ಉಳಿದಿರುವ ಕಡತಗಳಿದ್ದರೆ ಡಿಫ್‌ನಲ್ಲಿ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅಂಥದ್ದನ್ನು ಮೊದಲು ಯುನಿಕೋಡಿಗೆ ತಂದು, ಆಮೇಲೆ ತಿದ್ದಲು ಹೊರಡಿ.

ಇದಕ್ಕೆಲ್ಲ ಆಕ್ಷೇಪಗಳಿವೆ, ಗೊತ್ತು.

ಒಂದು, ‘ಪರಿಶೀಲಕರು ಪ್ರತಿ ಸಲವೂ ಪೂರ್ತಿ ಓದಲೇಬೇಕು, ಟಿಪ್ಪಣಿ ಕೊಟ್ಟರೆ ಸೋಮಾರಿಗಳಾಗುತ್ತಾರೆ’ ಎಂಬುದು. ಕೊನೆಯ ಸಲ ಪೂರ್ತಿ ಓದಬೇಕು ಎಂಬುದನ್ನು ಒಪ್ಪುತ್ತೇನೆ. ಆದರೆ ಐದು ಆವೃತ್ತಿಗೂ ಪೂರ್ತಿ ಓದಿಸಿದರೆ ಐದನೆಯ ಸಲ ಕಣ್ಣು ಓದುತ್ತದೆ, ತಲೆ ಓದುವುದಿಲ್ಲ. ಪರೀಕ್ಷೆಯ ಪೇಪರ್ ತಿದ್ದಿದ ಯಾರನ್ನಾದರೂ ಕೇಳಿ.

ಎರಡು, ‘ಹಳೆಯದನ್ನು ಅಳಿಸಿ ಶುದ್ಧ ಪ್ರತಿ ಕಳಿಸುವುದು ಬೇಡ, ತಿದ್ದಿದ್ದನ್ನು ಹಳೆಯದರ ಮೇಲೆ ಇನ್ನೊಂದು ಕಮಿಟ್ ಆಗಿ ಸೇರಿಸುತ್ತಾ ಹೋದರೆ ಸಾಕಲ್ಲ?’ ಎಂಬುದು. ಇದರಲ್ಲಿ ಹುರುಳಿದೆ. ಪರಿಶೀಲನೆ ನಡೆಯುತ್ತಿರುವಾಗ ಹೀಗೆ ಸೇರಿಸಿದರೆ ಹೊಸದು ಯಾವುದು ಎಂದು ಸುಲಭವಾಗಿ ಕಾಣುತ್ತದೆ. ಆದರೆ ಕೊನೆಗೆ ‘ತಪ್ಪು ಸರಿಮಾಡಿದೆ’, ‘ಮತ್ತೆ ಸರಿಮಾಡಿದೆ’ ಎಂಬ ಹತ್ತು ಕಮಿಟ್‌ಗಳು ಉಳಿದರೆ ಮುಂದೆ ಓದುವವರಿಗೆ ಕಾಡು. ನನ್ನ ಅಭಿಪ್ರಾಯ: ನೋಡುವಾಗ ಸೇರಿಸುತ್ತಾ ಹೋಗಿ, ಎಲ್ಲರೂ ಒಪ್ಪಿದ ಮೇಲೆ ಒಟ್ಟುಮಾಡಿ. ನಡುವೆಯೇ ಒಟ್ಟುಮಾಡಿ ಹಳೆಯದರ ಮೇಲೆ ಹೇರುವುದಾದರೆ ರೇಂಜ್-ಡಿಫ್ ಕೊಡದೆ ಹೇರಬೇಡಿ.

ಮೂರು, ‘ಇದೆಲ್ಲ ಪರದೇಶದ ಪದ್ಧತಿ, ನಮಗೇಕೆ?’ ಎಂಬುದು. ಹಾಗೇನಿಲ್ಲ. ತಾಳೆಗರಿಯ ಕಾವ್ಯಗಳನ್ನು ಅಚ್ಚಿಗೆ ತಂದ ನಮ್ಮ ವಿದ್ವಾಂಸರು ಪುಟದ ಕೆಳಗೆ ಪಾಠಾಂತರಗಳನ್ನು ಕೊಡುತ್ತಿದ್ದರು. ಯಾವ ಪ್ರತಿಯಲ್ಲಿ ಯಾವ ಪದವಿದೆ, ತಾವು ಯಾವುದನ್ನು ಆರಿಸಿದ್ದೇವೆ ಎಂದು ಓದುಗರು ತಾವೇ ಪರೀಕ್ಷಿಸುವಂತೆ ಬಿಚ್ಚಿಡುತ್ತಿದ್ದರು. ಡಿ.ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ ಎಂದು ಈ ಶಾಸ್ತ್ರದ ಬಗ್ಗೆಯೇ ಒಂದು ಪುಸ್ತಕ ಬರೆದಿದ್ದಾರೆ. ಬದಲಾವಣೆಯನ್ನು ಮುಚ್ಚಿಡದೆ ಲೆಕ್ಕ ಒಪ್ಪಿಸುವುದು ಕನ್ನಡಕ್ಕೆ ಹೊಸತಲ್ಲ. ಡಿಫ್ ಅದನ್ನು ಕ್ಷಣದಲ್ಲಿ ಮಾಡಿಕೊಡುತ್ತದೆ ಅಷ್ಟೆ.

ಇನ್ನು ಪರಿಶೀಲಿಸುವವರಿಗೂ ಒಂದು ಮಾತು ಹೇಳಬೇಕು, ಎಲ್ಲ ಭಾರವನ್ನೂ ಮಕ್ಕಳ ಮೇಲೆ ಹಾಕಬಾರದು. ಮಾತುಗಳಿಗೆ ಸಂಖ್ಯೆ ಕೊಡಿ. ಕಂಡದ್ದನ್ನೆಲ್ಲ ಒಂದೇ ಸಲ ಹೇಳಿ. ಮೊದಲ ಸಲ ಎರಡು, ಎರಡನೇ ಸಲ ಇನ್ನೆರಡು, ಮೂರನೇ ಸಲ ಮತ್ತೆರಡು ತಪ್ಪು ಹುಡುಕಿದರೆ ಯಾವ ಮಗುವಾದರೂ ಕೈಬಿಡುತ್ತದೆ. ಇದು ಆಗಲೇಬೇಕು, ಇದು ನನ್ನ ಇಷ್ಟ ಮಾತ್ರ ಎಂದು ಬೇರ್ಪಡಿಸಿ ಹೇಳಿ. ‘ಕಡತಕೋಶ’ ನನಗೆ ಇಷ್ಟ ಎನ್ನುವುದು ಸಲಹೆ, ಕಾಗುಣಿತ ಸರಿಮಾಡು ಎನ್ನುವುದು ಷರತ್ತು. ಎರಡನ್ನೂ ಒಂದೇ ದನಿಯಲ್ಲಿ ಹೇಳಿದರೆ ಮಕ್ಕಳಿಗೆ ಗೊಂದಲ.

ಶಾಲೆಯಲ್ಲಿ ಇದನ್ನು ಎಲ್ಲಿಂದ ಶುರುಮಾಡುವುದು? ಗಿಟ್ ಬರುವ ಮೊದಲೇ, ಪುಸ್ತಕದಿಂದಲೇ ಮಾಡಬಹುದು. ತಿದ್ದಿದ ಪ್ರಬಂಧ ತರುವಾಗ ಹಳೆಯ ಹಾಳೆಯನ್ನೂ ಜೊತೆಗೆ ತರಬೇಕು, ಮೇಲೆ ಮೂರು ಸಾಲು ಬರೆಯಬೇಕು: ಏನು ತಿದ್ದಿದೆ, ಏನು ತಿದ್ದಿಲ್ಲ, ಯಾಕೆ ತಿದ್ದಿಲ್ಲ. ಐದನೇ ಕ್ಲಾಸಿನ ಮಕ್ಕಳೂ ಇದನ್ನು ಮಾಡಬಲ್ಲರು. ಹೈಸ್ಕೂಲಿಗೆ ಬಂದಾಗ ಪೈಥಾನ್ ಪ್ರೋಗ್ರಾಮಿನಲ್ಲಿ ಒಬ್ಬರು ಬರೆದು ಇನ್ನೊಬ್ಬರು ಪರಿಶೀಲಿಸಲಿ. ಕನ್ನಡ ವಿಕಿಪೀಡಿಯ 2003ರಿಂ�ದ ಇದೆ. ಅಲ್ಲಿಯ ಪ್ರತಿ ಲೇಖನದ ಇತಿಹಾಸದಲ್ಲಿ ಎರಡು ಆವೃತ್ತಿಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು, ಪ್ರತಿ ತಿದ್ದುಪಡಿಗೂ ಸಾರಾಂಶ ಬರೆಯಲು ಜಾಗವಿದೆ. ಸಾರಾಂಶ ಬರೆದ ತಿದ್ದುಪಡಿಗೂ ಬರೆಯದ ತಿದ್ದುಪಡಿಗೂ ಇರುವ ವ್ಯತ್ಯಾಸವನ್ನು ಮಕ್ಕಳಿಗೆ ತೋರಿಸಿ, ಹೆಚ್ಚು ವಿವರಿಸುವ ಅಗತ್ಯವೇ ಬೀಳುವುದಿಲ್ಲ.

ನಮಗೂ, ಅಂದರೆ ಟೀಚರುಗಳಿಗೂ, ಇದು ಬೇಕು. ಗಡಿನಾಡಿನ ಶಾಲೆಗಳಲ್ಲಿ ನಾವು ಮಲಯಾಳದಿಂದ, ಇಂಗ್ಲಿಷಿನಿಂದ ಕನ್ನಡಕ್ಕೆ ಎಷ್ಟೊಂದು ಅನುವಾದ ಮಾಡುತ್ತೇವೆ! ಪ್ರಶ್ನೆಪತ್ರಿಕೆ, ಚಟುವಟಿಕೆ ಹಾಳೆ, ಸುತ್ತೋಲೆ. ಒಬ್ಬರು ಅನುವಾದಿಸಿ ಇನ್ನೊಬ್ಬರಿಗೆ ಕಳಿಸುತ್ತಾರೆ, ಅವರು ತಿದ್ದಿ ಹಿಂದೆ ಕಳಿಸುತ್ತಾರೆ. ಕಡತದ ಹೆಸರು ‘ಹೊಸದು’, ಆಮೇಲೆ ‘ಹೊಸದು ಅಂತಿಮ’, ಆಮೇಲೆ ‘ಅಂತಿಮದ ಅಂತಿಮ’! ಯಾವ ಪ್ರಶ್ನೆಯಲ್ಲಿ ಯಾವ ಪದ ಬದಲಾಯಿತು ಎಂದು ಯಾರಿಗೂ ಗೊತ್ತಿಲ್ಲ. ತಪ್ಪೊಂದು ಉಳಿದುಬಿಟ್ಟರೆ ಅದರ ಫಲ ಉಣ್ಣುವವನು ಪರೀಕ್ಷೆ ಬರೆಯುವ ಕನ್ನಡ ಮಾಧ್ಯಮದ ಮಗು. ಕಡತದ ಮೇಲೆ ಎರಡನೇ ಆವೃತ್ತಿ, 4ನೇ ಪ್ರಶ್ನೆಯಲ್ಲಿ ‘ವಿಸ್ತೀರ್ಣ’ ಎಂದು ತಿದ್ದಿದೆ, ಉಳಿದದ್ದು ಹಾಗೇ ಇದೆ ಎಂದು ಎರಡು ಸಾಲು ಬರೆಯಲು ಯಾವ ತಂತ್ರಜ್ಞಾನವೂ ಬೇಡ.

ಕನ್ನಡಕ್ಕೆ ಕೆಲಸ ಮಾಡಬೇಕು ಎಂಬ ಉತ್ಸಾಹ ನಮ್ಮ ಮಕ್ಕಳಲ್ಲಿ ಇದೆ, ಅದಕ್ಕೆ ಕೊರತೆಯಿಲ್ಲ. ಮೊದಲ ಪ್ಯಾಚನ್ನು ಉತ್ಸಾಹ ಬರೆಸುತ್ತದೆ. ಎರಡನೆಯದನ್ನು ಬರೆಸುವುದು ಇನ್ನೊಬ್ಬರ ಸಮಯದ ಮೇಲಿನ ಗೌರವ. ಕನ್ನಡದ ಪದವೊಂದು ಶಾಲೆಯ ಪರದೆಯ ಮೇಲೆ ಸರಿಯಾಗಿ ಮೂಡಬೇಕಾದರೆ ಕಳಿಸುವವರ ಜೊತೆಗೆ ನೋಡುವವರೂ ಉಳಿಯಬೇಕು. ಅವರನ್ನು ಉಳಿಸಿಕೊಳ್ಳುವುದು ಐದು ನಿಮಿಷದ ಆ ಟಿಪ್ಪಣಿಯಿಂದ ಶುರುವಾಗುತ್ತದೆ.